ಖಾನೆ ಇಲ್ಲದ ತವರ ಹೆಸರು

ದೇವಿಕಾ ನನ್ನ ತಂಗಿಯ ಮಗಳು. ಹುಟ್ಟಿದ್ದು ಪುರ್ತಗೇರಿಯಲ್ಲಿ. ಕಾಲೇಜಿಗೆಂದು ಗಜೇಂದ್ರಗಡಕ್ಕೆ ನನ್ನ ಮನೆಗೆ ಬಂದವಳು ಹಾಗೇ ಉಳಿದಳು. ಮದುವೆ ಆಗಲಿಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ಆಕೆ ಮೊದಲು ಒಂದೇ ಮಾತು ಕೇಳುತ್ತಿದ್ದಳು, ಮದುವೆಯಲ್ಲಿ ನನ್ನ ಹೆಸರು ಬದಲು ಮಾಡುತ್ತೀರೋ ಹೇಗೆ ಅಂತ. ಹೌದು ಅಂದವರನ್ನು ಇವಳು ಒಲ್ಲೆ ಅಂದಳು. ಇಲ್ಲ ಅಂದವರ ಮನೆಯ ಹಿರಿಯರು ಇವಳನ್ನು ಒಲ್ಲೆವು ಅಂದರು.

ಹೆಸರು ಬದಲಿಸುವುದು ನಮ್ಮ ಕಡೆ ಹೊಸದಲ್ಲ. ಅಕ್ಕಿ ಹರಡಿದ ತಟ್ಟೆಯಲ್ಲಿ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹಳೆಯ ಹೆಸರು ತವರಲ್ಲಿ ಮಾತ್ರ. ಸತ್ತ ಹಿರಿಯಳ ಹೆಸರನ್ನು ಸೊಸೆಗೆ ಇಡುವ ಮನೆತನಗಳು ಬಹಳ. ಹಾಗೆಯೇ ಸತ್ತ ಅಜ್ಜನ ಹೆಸರು ಮೊಮ್ಮಗನಿಗೆ. ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೆ ಎರಡೂ ಮನೆಯಲ್ಲಿ ಅದೇ ಅಜ್ಜನ ಹೆಸರಿನ ಹುಡುಗ, ಅದೇ ಅಜ್ಜಿಯ ಹೆಸರಿನ ಸೊಸೆ. ಮನೆಯವರಿಗೆ ಇದರಿಂದ ತೊಂದರೆ ಇಲ್ಲ. ಕರೆಯುವ ದನಿಯಲ್ಲೇ ಯಾರನ್ನು ಕರೆದದ್ದು ಎಂದು ಅವರಿಗೆ ತಿಳಿಯುತ್ತದೆ.

ದೇವಿಕಾ ಕಂಪ್ಯೂಟರಿನ ಪ್ರೋಗ್ರಾಮ್ ಬರೆಯುತ್ತಾಳೆ. ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕುಳಿತು ಮೊದಲು ಬಟ್ಟೆ ವ್ಯಾಪಾರಿಗಳಿಗೆ, ಆಮೇಲೆ ಬೀಜ ಗೊಬ್ಬರದ ಅಂಗಡಿಗಳಿಗೆ ಬರೆದುಕೊಟ್ಟಳು. ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಕಂಬಗಳು ಕಾಣುತ್ತಿದ್ದವು. ಊಟದ ಡಬ್ಬಿ ಕೊಡಲು ಹೋದಾಗ ನಾನು ಆಕೆಯ ಹಿಂದೆ ಕೂಡುತ್ತಿದ್ದೆ. ಇದು ಏನು, ಅದು ಏಕೆ ಎಂದು ಕೇಳಿದರೆ ಬೇಸರಿಸದೆ ಹೇಳುತ್ತಿದ್ದಳು. ತಿಳಿಯದಿದ್ದರೆ ಇನ್ನೊಮ್ಮೆ ಕೇಳುತ್ತಿದ್ದೆ, ಇನ್ನೊಮ್ಮೆ ಹೇಳುತ್ತಿದ್ದಳು. ಕೆಲಸದಲ್ಲಿ ಆಕೆಗೆ ಅವಸರ ಇರಲಿಲ್ಲ. ಒಂದು ಅಂಗಡಿಯವನ ಲೆಕ್ಕ ತಪ್ಪಿದರೆ ಅವನು ಬಿಟ್ಟರೂ ಇವಳು ಬಿಡುತ್ತಿರಲಿಲ್ಲ.

ರೋಣದಲ್ಲಿ ಕೊಟ್ರೇಶ ಡಾಕ್ಟರದೊಂದು ಸಣ್ಣ ಹೆರಿಗೆ ದವಾಖಾನೆ ಇದೆ. ಜಕ್ಕಲಿ, ಸವಡಿ, ಸುತ್ತಲ ಹಳ್ಳಿಗಳ ಬಸುರಿಯರು ಅಲ್ಲಿಗೇ ಹೋಗುತ್ತಾರೆ. ಅಲ್ಲಿ ಯಾರೋ ಬರೆದುಕೊಟ್ಟು ಹೋದ ಹಳೆಯ ಪ್ರೋಗ್ರಾಮ್ ಇತ್ತು. ಅದರಲ್ಲಿ ಒಬ್ಬೊಬ್ಬ ಹೆಂಗಸಿನ ದಾಖಲೆ ಒಂದೊಂದು ಚೀಲದ ಹಾಗೆ. ಏನು ಬೇಕಾದರೂ ಹೆಸರು ಹಚ್ಚಿ ಒಳಗೆ ಹಾಕಬಹುದು, ಇಷ್ಟೇ ಎಂಬ ಕಟ್ಟು ಇಲ್ಲ. ಮುಮತಾಜಬಿ ಎಂಬ ಹಿರಿಯ ನರ್ಸು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದರು. ಡಾಕ್ಟರು ಕೇಳಿದ್ದನ್ನು ಬರೆದ ಮೇಲೆ ತಮಗೆ ಬೇಕಾದದ್ದನ್ನೂ ಸೇರಿಸುತ್ತಿದ್ದರು. ಒಬ್ಬಳಿಗೆ ಕಿವಿ ಕೇಳುವುದಿಲ್ಲ ಎಂದು, ಒಬ್ಬಳನ್ನು ಗಂಡನ ಮುಂದೆ ಏನೂ ಕೇಳಬೇಡಿ ಎಂದು. ಎಲ್ಲರಿಗೂ ತವರ ಹೆಸರು.

ಪ್ರೋಗ್ರಾಮ್ ಹಳತಾಗಿ ನಿಂತುನಿಂತು ಹೋಗತೊಡಗಿತು. ಡಾಕ್ಟರು ದೇವಿಕಾಳನ್ನು ಕರೆಸಿದರು. ಹಳೆಯ ದಾಖಲೆಗಳು ಹಾಗೇ ಇರಲಿ, ಅವನ್ನು ಓದಿ ಬರೆಯುವ ಹೊಸ ಪ್ರೋಗ್ರಾಮ್ ಮಾಡು ಎಂದರು. ಮುಮತಾಜಬಿಗೆ ಆಗ ಕಾಲುನೋವು. ಕೆಲಸ ಬಿಟ್ಟು ನರಗುಂದದ ಮಗಳ ಮನೆಗೆ ಹೊರಟಿದ್ದರು. ಹೋಗುವ ಮುಂಚೆ ದೇವಿಕಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಜಕ್ಕಲಿಯ ಎರಡು ದಾಖಲೆ ತೆಗೆದು ತೋರಿಸಿದರಂತೆ. ಎರಡರಲ್ಲೂ ಹೆಸರು ಅನ್ನಪೂರ್ಣಾ. ಎರಡರಲ್ಲೂ ಗಂಡ ದೇವಪ್ಪ. ಅಡ್ಡಹೆಸರು, ಊರು, ವಯಸ್ಸು ಎಲ್ಲ ಒಂದೇ. ಒಂದೇ ಅಂಗಳದ ಎರಡು ಮನೆ. ಆ ಅಂಗಳದವರೆಲ್ಲ ದವಾಖಾನೆಯಲ್ಲಿ ದೊಡ್ಡ ಮನೆಯ ಫೋನನ್ನೇ ಬರೆಸುತ್ತಿದ್ದರು, ಹೀಗಾಗಿ ಫೋನೂ ಒಂದೇ. ಒಬ್ಬಳ ತವರ ಹೆಸರು ಕಸ್ತೂರಿ, ಸವಡಿಯವಳು. ಸೋಂಕಿಗೆ ಕೊಡುವ ಒಂದು ಸೂಜಿ ಆಕೆಗೆ ಆಗಿಬರುವುದಿಲ್ಲ. ಹಿಂದೊಮ್ಮೆ ಹೊಟ್ಟೆನೋವೆಂದು ಬಂದವಳಿಗೆ ಕೊಟ್ಟಾಗ ಗಂಟಲು ಬಾತು ಉಸಿರು ಕಟ್ಟಿತ್ತು. ಇನ್ನೊಬ್ಬಳು ಫಕೀರವ್ವ, ನರಗುಂದದ ಕಡೆಯವಳು. ಆಕೆಯದು ನೆಗೆಟಿವ್ ರಕ್ತ, ಬೇಕೆಂದಾಗ ಸಿಗುವಂಥದ್ದಲ್ಲ. ಮೊದಲ ಹೆರಿಗೆಯಲ್ಲಿ ಬಹಳ ರಕ್ತ ಹೋಗಿತ್ತು.

"ಇವರಿಬ್ರು ಕೂಡಬಾರದು ಬೇಟಾ," ಎಂದರಂತೆ ಮುಮತಾಜಬಿ. "ಇವರನ್ನ ಬ್ಯಾರೆ ಮಾಡೂದು ತವರ ಹೆಸರು ಒಂದ."

ಹೊಸ ಪ್ರೋಗ್ರಾಮಿನಲ್ಲಿ ದಾಖಲೆಗೆ ಒಂದು ಆಕಾರ ಕೊಡಬೇಕು. ಹೆಸರಿಗೆ ಒಂದು ಖಾನೆ, ವಯಸ್ಸಿಗೆ ಒಂದು, ರಕ್ತದ ಗುಂಪಿಗೆ ಒಂದು, ಆಗದ ಔಷಧಕ್ಕೆ ಒಂದು. ಹೆಸರಿನ ಖಾನೆಯಲ್ಲಿ ಅಕ್ಷರವೇ ಇರಬೇಕು, ವಯಸ್ಸಿನ ಖಾನೆಯಲ್ಲಿ ಅಂಕಿಯೇ ಇರಬೇಕು. ತಪ್ಪು ತುಂಬಿದರೆ ಅದು ತಡೆಯುತ್ತದೆ. ಅದರ ಅನುಕೂಲ ಅದು. ಯಾವ ಯಾವ ಖಾನೆ ಬೇಕು ಎಂಬುದನ್ನು ಡಾಕ್ಟರು ಹೇಳಿದರು. ತವರ ಹೆಸರೂ ಇರಲಿ ಎಂದು ದೇವಿಕಾ ಕೇಳಿದ್ದಳು. ಆಧಾರ್ ಕಾರ್ಡಿನಲ್ಲಿ ಇಲ್ಲದ ಹೆಸರು ನಮಗೇಕೆ, ಈಗಲೇ ಪರದೆ ತುಂಬಿ ಹೋಗಿದೆ, ಮುಂದೆ ನೋಡಿದರಾಯಿತು ಎಂದು ಅವರು ಹೇಳಿದರು.

ದೇವಿಕಾ ಒಪ್ಪಿಕೊಂಡಳು. ಹೆಸರನ್ನೇನು ಅಳಿಸುತ್ತಿಲ್ಲವಲ್ಲ ಎಂದು ಆಕೆಯ ವಿಚಾರ. ಹಳೆಯ ದಾಖಲೆಯಲ್ಲಿ ಅದು ಹಾಗೇ ಇರುತ್ತದೆ, ಪರದೆಯ ಮೇಲೆ ಕಾಣುವುದಿಲ್ಲ ಅಷ್ಟೇ, ಬೇಕಾದಾಗ ಖಾನೆ ಮಾಡಿ ತೋರಿಸಬಹುದು. ತನ್ನ ಪ್ರೋಗ್ರಾಮಿಗೆ ಗೊತ್ತಿಲ್ಲದ್ದನ್ನು ಅದು ಮುಟ್ಟುವುದಿಲ್ಲ ಎಂದು ನಂಬಿದಳು. ಎಲ್ಲವನ್ನೂ ಪರೀಕ್ಷೆ ಮಾಡುವ ಹುಡುಗಿ, ಅದೊಂದನ್ನು ಮಾಡಿ ನೋಡಲಿಲ್ಲ.

ಪ್ರೋಗ್ರಾಮ್ ಚಲೋ ನಡೆಯಿತು. ದವಾಖಾನೆಯವರು ಹೊಗಳಿದರು. ಆ ಇಬ್ಬರು ಅನ್ನಪೂರ್ಣಾರೂ ಸ್ವಲ್ಪ ಹಿಂದುಮುಂದಾಗಿ ಬಸುರಾದರು. ಕಸ್ತೂರಿಗೆ ಅದು ಮೊದಲ ಬಸುರು, ಫಕೀರವ್ವನಿಗೆ ಎರಡನೆಯದು. ತಪಾಸಣೆಗೆ ಬಂದಾಗ ಗುರುತಿದ್ದ ನರ್ಸು ಅವರನ್ನೇ ಕೇಳಿ ದಾಖಲೆ ತೆಗೆದು ತೂಕ ಬರೆದು ಸೇವ್ ಮಾಡಿದಳು. ಮೊದಲ ಸಲ ತೆಗೆಯುವಾಗ ಎಲ್ಲ ಇತ್ತು. ಸೇವ್ ಮಾಡಿದ ಮೇಲೆ ತವರ ಹೆಸರು ಇರಲಿಲ್ಲ. ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಅದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ಕಸ್ತೂರಿಗೆ ದಿನ ತುಂಬುವ ಹೊತ್ತಿಗೆ ಜ್ವರ ಬಂತು. ನೀರು ಮೊದಲೇ ಒಡೆದುಹೋಗಿತ್ತು. ಅತ್ತೆ ಬಾಳವ್ವ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದಳು. ಸೊಸೆಗೆ ಮೈಮೇಲೆ ಎಚ್ಚರ ಇರಲಿಲ್ಲ. ಬಾಗಿಲಲ್ಲೇ ಬಾಳವ್ವ ಹೇಳಿದಳಂತೆ, "ಈಕಿಗಿ ಯಾವುದೋ ಒಂದು ಸೂಜಿ ಆಗಿಬರಂಗಿಲ್ರಿ. ಅದರ ಹೆಸರ ನನಗ ಗೊತ್ತಿಲ್ಲ. ನಿಮ್ಮ ಕಡೆನ ಬರದೈತಿ, ನೋಡ್ರಿ."

ಕೌಂಟರಿನಲ್ಲಿದ್ದ ಹೊಸ ಹುಡುಗ ಕಂಪ್ಯೂಟರಿನಲ್ಲಿ ನೋಡಿದ. ಅನ್ನಪೂರ್ಣಾ, ದೇವಪ್ಪನ ಹೆಂಡತಿ, ಜಕ್ಕಲಿ ಎಂದು ಎರಡು ಬಂದವು. ಆ ಪಟ್ಟಿಯಲ್ಲಿ ಬೇರೆ ಗುರುತಿಲ್ಲ. ಒಬ್ಬಳದೇ ಎರಡು ಸಲ ಬರೆದಿದ್ದಾರೆ ಎಂದುಕೊಂಡ. ಇತ್ತೀಚೆಗೆ ಸೇವ್ ಆದದ್ದು ಮೇಲೆ ಇತ್ತು, ಅದನ್ನೇ ತೆಗೆದ. ಅದು ಫಕೀರವ್ವನದು. ಆಗದ ಔಷಧದ ಖಾನೆ ಖಾಲಿ. ಡಾಕ್ಟರು ಬಂದು ತಾವೂ ನೋಡಿದರು, ಖಾಲಿ. ಮುದುಕಿ ಗಾಬರಿಯಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡು ಸೋಂಕಿನ ಅದೇ ಸೂಜಿ ಕೊಟ್ಟರು. ಕೂಸನ್ನು ಉಳಿಸಿಕೊಂಡರು. ತಾಯಿ ಉಳಿಯಲಿಲ್ಲ. ಕೌಂಟರಿನ ಹುಡುಗ ಆ ತೆರೆದ ದಾಖಲೆಯಲ್ಲೇ ಮರಣ ಎಂದು ಬರೆದು ಮುಚ್ಚಿದ.

ಇದು ನಮಗೆ ಗೊತ್ತಾದದ್ದು ಆಮೇಲೆ. ಜಕ್ಕಲಿಯವಳದು ಎರಡು ದಾಖಲೆ ಇವೆ, ಒಂದನ್ನು ತೆಗೆದುಹಾಕು ಎಂದು ದವಾಖಾನೆಯಿಂದ ದೇವಿಕಾಗೆ ಫೋನು ಬಂತು. ಆಕೆ ಎರಡನ್ನೂ ತೆರೆದು ನೋಡಿದಳು. ಒಂದರಲ್ಲಿ ಸತ್ತಿದ್ದಾಳೆ. ಇನ್ನೊಂದರಲ್ಲಿ ಆ ಸೂಜಿ ಕೊಡಬೇಡಿ ಎಂದಿದೆ. ತವರ ಹೆಸರು ಎಲ್ಲಿ ಎಂದು ಹುಡುಕಿದಳು. ಒಂದರಲ್ಲೂ ಇರಲಿಲ್ಲ.

ಆ ದಿನ ಮನೆಗೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಏನಾಯಿತು ಎಂದು ಕೇಳಿದ್ದಕ್ಕೆ ಒಗ್ಗರಣೆ ಡಬ್ಬಿಯ ಕಡೆ ಕೈ ಮಾಡಿದಳು.

"ಚೀಲದಾಗಿನ ಸಾಮಾನ ಆ ಡಬ್ಬಿಗಿ ಸುರೂತೈತಿ ದೊಡ್ಡವ್ವ ನನ್ನ ಪ್ರೋಗ್ರಾಮ್. ಖಾನೆ ಇದ್ದದ್ದು ಕುಂಡ್ರತೈತಿ, ಖಾನೆ ಇಲ್ಲದ್ದು ನೆಲಕ್ಕ ಬೀಳತೈತಿ. ಸೇವ್ ಮಾಡಿದಾಗ ಚೀಲಾ ಝಾಡಿಸಿ, ಡಬ್ಬಿದಾಗ ಇದ್ದಷ್ಟನ್ನ ತಿರುಗಿ ತುಂಬತೈತಿ. ಬಿದ್ದದ್ದನ್ನ ನೋಡಂಗಿಲ್ಲ. ಬಿತ್ತು ಅಂತ ಹೇಳಂಗೂ ಇಲ್ಲ."

ನಾನು ಕೇಳಿದೆ, ಹಾಗಾದರೆ ಎಷ್ಟು ಜನರದು ಹೋಗಿದೆ. ತೆರೆದು ಸೇವ್ ಮಾಡಿದ ಎಲ್ಲರದೂ ಎಂದಳು. ಮುಟ್ಟದೆ ಉಳಿದವರದು ಮಾತ್ರ ಇದೆ. ಬೇರೆ ಪ್ರತಿ ಇಟ್ಟಿರುತ್ತಾರಲ್ಲ ಎಂದೆ. ಇಡುತ್ತಿದ್ದರು, ಆದರೆ ಹೊಸ ಪ್ರತಿಯನ್ನು ಹಳೆಯದರ ಮೇಲೆಯೇ ಇಡುತ್ತಿದ್ದರು. ಈಗ ಆ ಪ್ರತಿಯಲ್ಲೂ ಹೆಸರುಗಳಿಲ್ಲ.

ಪ್ರೋಗ್ರಾಮನ್ನು ಆಕೆ ಕೂಡಲೇ ತಿದ್ದಿದಳು. ಇನ್ನೊಂದು ಖಾನೆ ಮಾಡಿ ಅದಕ್ಕೆ ಉಳಿದದ್ದು ಎಂದು ಹೆಸರಿಟ್ಟಳು. ದಾಖಲೆ ಓದುವಾಗ ತನಗೆ ಗೊತ್ತಿಲ್ಲದ್ದು ಏನೇ ಬಂದರೂ ಅದು ಹೇಗಿದೆಯೋ ಹಾಗೆ ಅಲ್ಲಿ ಕೂಡಬೇಕು, ಸೇವ್ ಮಾಡುವಾಗ ಹೇಗಿತ್ತೋ ಹಾಗೆ ತಿರುಗಿ ಹೋಗಬೇಕು. ಅದಲ್ಲದೆ, ತೂಕ ಬದಲಾದರೆ ತೂಕವನ್ನಷ್ಟೇ ಬರೆಯಬೇಕು, ಇಡೀ ದಾಖಲೆಯನ್ನು ತೆಗೆದು ಹೊಸದು ಇಡಬಾರದು ಎಂದು ಮಾಡಿದಳು. ಆಮೇಲೆ ಒಂದು ಸುಳ್ಳು ದಾಖಲೆ ಹುಟ್ಟಿಸಿ, ಪ್ರೋಗ್ರಾಮಿಗೆ ಗೊತ್ತಿಲ್ಲದ ಏನೇನೋ ಅದರಲ್ಲಿ ಹಾಕಿ, ತೆರೆದಳು, ಸೇವ್ ಮಾಡಿದಳು, ಮತ್ತೆ ತೆರೆದಳು. ಎಲ್ಲ ಇದ್ದವು. ಈ ಪರೀಕ್ಷೆಯನ್ನು ಮೊದಲೇ ಮಾಡಬಹುದಿತ್ತು. ಕಷ್ಟದ ಕೆಲಸವಲ್ಲ, ನಾನು ಕಣ್ಣಾರೆ ನೋಡಿದೆ.

ಆದರೆ ಹೋದದ್ದು ಹೋಗಿತ್ತು. ಅತ್ತ ಫಕೀರವ್ವನಿಗೆ ತಿಂಗಳು ತುಂಬುತ್ತ ಬಂದಿತ್ತು.

ಡಾಕ್ಟರ ಮುಂದೆ ದೇವಿಕಾ ಎಲ್ಲ ಹೇಳಿದಳು. ನಾನೂ ಜೊತೆಗಿದ್ದೆ. ಕೊಟ್ರೇಶ ಡಾಕ್ಟರು ಕೆಟ್ಟವರಲ್ಲ. ಎದ್ದು ಕೋಣೆಯ ಬಾಗಿಲು ಮುಚ್ಚಿ ಬಂದು ಕುಳಿತರು. ಮುಖ ಇಳಿದುಹೋಗಿತ್ತು. ಆಮೇಲೆ, ನನಗೆ ಹೇಳಿದೆಯಲ್ಲ, ಸಾಕು, ಊರಿಗೆ ಹೇಳಬೇಡ ಎಂದರು. ಜನ ಇಲ್ಲಿಗೆ ಬರುವುದನ್ನು ಬಿಟ್ಟರೆ ಹೆರಿಗೆಗೆ ಎಲ್ಲಿ ಹೋಗುತ್ತಾರೆ, ಮನೆಯಲ್ಲೇ ಹಡೆಯುತ್ತಾರೆ, ಅದರಿಂದ ಇನ್ನೂ ಸಾಯುತ್ತಾರೆ ಎಂದರು. ಅದೂ ಸುಳ್ಳಲ್ಲ.

"ಇನ್ನೊಬ್ಬಾಕಿ ಬಸುರದಾಳ್ರಿ ಸರ್," ಎಂದಳು ದೇವಿಕಾ. "ಆಕಿ ದಾಖಲೆದಾಗ ಆಕಿ ಸತ್ತಾಳ. ಉಳದ ದಾಖಲೆದಾಗ ರಕ್ತ ಆಕಿದಲ್ಲ. ಹೇಳದ ಹ್ಯಾಂಗ ಸರಿ ಮಾಡ್ಲಿ?"

ಅವರಿಬ್ಬರದನ್ನು ಸರಿ ಮಾಡಲು ಮುಮತಾಜಬಿ ತೋರಿಸಿದ್ದೇ ಆಕೆಗೆ ನೆನಪಿತ್ತು. ಆದರೆ ನೆನಪನ್ನು ನಂಬಿ ಬರೆಯಲು ಈಗ ಆಕೆಗೆ ಧೈರ್ಯ ಇರಲಿಲ್ಲ. ಕಸ್ತೂರಿಗೆ ನೆಗೆಟಿವ್ ರಕ್ತವೋ, ಫಕೀರವ್ವನಿಗೋ? ಗೊತ್ತಿದ್ದೂ ಗೊತ್ತಿಲ್ಲದಂತಾಗಿತ್ತು. ನಾವು ಬಸ್ಸು ಹಿಡಿದು ನರಗುಂದಕ್ಕೆ ಹೋದೆವು.

ಮುಮತಾಜಬಿ ಮಗಳ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದರು. ಸುದ್ದಿ ಕೇಳಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಕಸ್ತೂರಿಯ ಮುಖ ನೆನಪಿದೆ ಎಂದರು, ಹಲ್ಲು ಸ್ವಲ್ಪ ಮುಂದೆ, ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದಳು. ರಕ್ತ ಯಾರದು ಯಾವುದು ಎಂದು ಕೇಳಿದರೆ ಫಕೀರವ್ವನದೇ ನೆಗೆಟಿವ್ ಇರಬೇಕು ಎಂದರು. ಇರಬೇಕು ಎಂದರೇ ಹೊರತು ಹೌದು ಎನ್ನಲಿಲ್ಲ. ಉಳಿದ ಹೆಂಗಸರ ತವರ ಹೆಸರುಗಳನ್ನು ದೇವಿಕಾ ಒಂದೊಂದಾಗಿ ಕೇಳಿದಳು. ಕೆಲವು ಬಂದವು, ಬಹಳಷ್ಟು ಬರಲಿಲ್ಲ.

"ಬರದಿಟ್ಟಿದ್ದೆನಲ್ಲ ಬೇಟಾ," ಎಂದರು. "ಬರದಿಟ್ಟ ಮ್ಯಾಲ ನೆನಪ ಯಾಕ ಇಟಕೋಬೇಕು?"

ಮಗಳು ಚಹಾ ತಂದಿಟ್ಟಳು. ಕುಡಿದು ಎದ್ದೆವು.

ಜಕ್ಕಲಿಗೆ ಹೋಗುವುದು ಉಳಿಯಿತು. ಸಾವಿನ ಮನೆಗೆ ಮದುವೆಯಾಗದವಳು ಒಬ್ಬಳೇ ಹೋಗಬಾರದು ಎಂದು ನಾನು ಜೊತೆಗೆ ಹೋದೆ. ಬಾಳವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅರಳೆಯಿಂದ ಆಕಳ ಹಾಲು ಹನಿಸುತ್ತಿದ್ದಳು. ಚಾಪೆ ಹಾಸಿದರು, ನೀರು ಕೊಟ್ಟರು. ದೇವಿಕಾ ನೀರು ಕುಡಿಯದೆ ಎಲ್ಲ ಹೇಳಿದಳು. ಯಾರ ಮೇಲೂ ಹಾಕಲಿಲ್ಲ, ಡಾಕ್ಟರ ಹೆಸರು ಎತ್ತಲಿಲ್ಲ, ಕೌಂಟರಿನ ಹುಡುಗನ ಹೆಸರೂ ಎತ್ತಲಿಲ್ಲ. ತಾನು ಬರೆದ ಪ್ರೋಗ್ರಾಮ್ ತವರ ಹೆಸರನ್ನು ತೋರಿಸಲಿಲ್ಲ, ಇದ್ದದ್ದನ್ನೂ ಅಳಿಸಿತು, ಅದರಿಂದ ಇನ್ನೊಬ್ಬಳ ದಾಖಲೆ ನೋಡಿ ಸೂಜಿ ಕೊಟ್ಟರು ಎಂದಳು. ಕಸ್ತೂರಿಯ ಗಂಡ ಎದ್ದು ಹಿತ್ತಲಿಗೆ ಹೋದ. ದನದ ಗೋದಲಿಗೆ ಮೇವು ಹಾಕುತ್ತಿದ್ದದ್ದು ಕಾಣುತ್ತಿತ್ತು.

ಬಾಳವ್ವ ಹಾಲು ಹನಿಸುವುದನ್ನು ನಿಲ್ಲಿಸಲಿಲ್ಲ. "ನಾ ಹೇಳಿದ್ದೆ," ಎಂದಳು. "ಬಾಗಲದಾಗ ನಿಂತು ಹೇಳಿದ್ದೆ. ನನ್ನ ಮಾತಿಗಿಂತ ನಿನ್ನ ಪರದೆ ದೊಡ್ಡದಾತು."

ಅಂಗಳದ ಆಚೆ ಮನೆಯಿಂದ ಫಕೀರವ್ವ ಬಂದು ಬಾಗಿಲಲ್ಲಿ ನಿಂತಿದ್ದಳು. ತುಂಬಿದ ಹೊಟ್ಟೆ, ಸೊಂಟಕ್ಕೆ ಕೈ. ಯಾವಾಗ ಬಂದಳೋ, ಎಲ್ಲ ಕೇಳಿಸಿಕೊಂಡಿದ್ದಳು. ದೇವಿಕಾ ಎದ್ದು ಆಕೆಯ ಹತ್ತಿರ ಹೋಗಿ ತವರ ಹೆಸರು ಕೇಳಿದಳು, ರಕ್ತದ ಬಗ್ಗೆ ಕೇಳಿದಳು. ಆಕೆ ಒಳಗೆ ಹೋಗಿ ಮೊದಲ ಹೆರಿಗೆಯ ತಾಯಿ ಕಾರ್ಡು ತಂದು ಕೊಟ್ಟಳು. ನೆಗೆಟಿವ್ ಆಕೆಯದೇ.

"ಫಕೀರವ್ವ ಅಂತ ಬರಕೋ," ಎಂದಳು. "ಆಕಿದು ಕಸ್ತೂರಿ ಅಂತ ಬರಕೋ. ಸತ್ತಾಕಿ ನಾ ಅಲ್ಲ ಅಂತನೂ ಬರಕೋ. ಆದರ ನಾ ಅಲ್ಲಿಗಿ ಬರಂಗಿಲ್ಲ."

ದೇವಿಕಾ ಬಿಡಲಿಲ್ಲ. ಮೊದಲ ಹೆರಿಗೆಯಲ್ಲಿ ಹಾಗೆ ರಕ್ತ ಹೋಗಿದೆ, ಮನೆಯಲ್ಲಿ ಹೆತ್ತರೆ ಉಳಿಯುವುದು ಕಷ್ಟ ಎಂದಳು. ರೋಣ ಬೇಡವಾದರೆ ಗದಗಿಗೆ ಹೋಗಿರಿ, ಗಾಡಿ ನಾನು ಮಾಡುತ್ತೇನೆ ಎಂದಳು. ಈಗ ಏನೂ ಅಳಿಯುವುದಿಲ್ಲ ಎಂದು ಆಣೆ ಮಾಡುವ ಹಾಗೆ ಹೇಳಿದಳು. ಫಕೀರವ್ವ ಕೂಸಿನ ಕಡೆ ನೋಡುತ್ತಿದ್ದಳು. ಆಕೆಯ ಗಂಡನಿಗೂ ಹೇಳಿದೆವು. ಆತ ದೇವಿಕಾಳ ಫೋನ್ ನಂಬರು ಮಾತ್ರ ಬರೆದುಕೊಂಡ.

ಆಮೇಲೆಯೂ ದೇವಿಕಾ ಜಕ್ಕಲಿಗೆ ಹೋಗುತ್ತಲೇ ಇದ್ದಳು. ಪ್ರತಿ ಸಲ ಚಾಪೆ, ನೀರು, ಅಷ್ಟೇ. ಸವಡಿಯಿಂದ ಸೂಲಗಿತ್ತಿಯನ್ನು ಗೊತ್ತು ಮಾಡಿದ್ದಾರೆಂದು ತಿಳಿಯಿತು. ದೇವಿಕಾ ಡಾಕ್ಟರ ಹತ್ತಿರ ಹೋಗಿ, ಫಕೀರವ್ವ ಬಂದರೂ ಬರಬಹುದು, ಆ ನೆಗೆಟಿವ್ ರಕ್ತ ತರಿಸಿಡಿರಿ ಎಂದು ಹಟ ಹಿಡಿದಳು. ಡಾಕ್ಟರು ಗದಗಿನ ರಕ್ತನಿಧಿಗೆ ಹೇಳಿ ತರಿಸಿಕೊಳ್ಳುವ ಏರ್ಪಾಡು ಮಾಡಿದರು. ಆ ಇಬ್ಬರ ದಾಖಲೆಗಳನ್ನು ದೇವಿಕಾ ಸರಿಪಡಿಸಿದಳು. ಬದುಕಿದವಳನ್ನು ಬದುಕಿದವಳೆಂದು, ಸತ್ತವಳನ್ನು ಸತ್ತವಳೆಂದು ಬರೆದು, ತವರ ಹೆಸರನ್ನು ಪರದೆಯ ಎಲ್ಲಕ್ಕೂ ಮೇಲೆ ಬರುವಂತೆ ಮಾಡಿದಳು. ಈ ಸಲ ಡಾಕ್ಟರು ಬೇಡವೆನ್ನಲಿಲ್ಲ.

ಫಕೀರವ್ವನ ನೋವು ಮುಂಜಾನೆ ಶುರುವಾಯಿತಂತೆ. ಸೂಲಗಿತ್ತಿ ಮಧ್ಯಾಹ್ನದ ತನಕ ನೋಡಿದಳು. ಕೂಸು ಅಡ್ಡ ಬಂದಿತ್ತು. ಹೇಗೋ ಹೊರಗೆ ತೆಗೆದಳು, ಕೂಸು ಅಳಲಿಲ್ಲ. ತಾಯಿಯ ರಕ್ತ ನಿಲ್ಲಲಿಲ್ಲ. ಆಗ ಬಾಳವ್ವನೇ, ನಡೀರಿ ರೋಣಕ್ಕ, ಎಂದು ಎಬ್ಬಿಸಿದಳಂತೆ. ಗಾಡಿ ಹತ್ತುವಾಗ ಫಕೀರವ್ವನ ಗಂಡ ದೇವಿಕಾಗೆ ಫೋನು ಮಾಡಿದ. ನಾವು ಹೋಗಿ ಮುಟ್ಟುವಷ್ಟರಲ್ಲಿ ಕೌಂಟರಿನ ಹುಡುಗ ಫಕೀರವ್ವ ಎಂಬ ಹೆಸರಿನಿಂದ ದಾಖಲೆ ತೆಗೆದಿದ್ದ. ಅದು ಆಕೆಯದೇ ಆಗಿತ್ತು. ರಕ್ತ ಬಂತು. ಗರ್ಭಕೋಶ ತೆಗೆಯಬೇಕಾಯಿತು. ಜೀವ ಉಳಿಯಿತು.

ಮರುದಿನ ಆಕೆಗೆ ಪೂರ್ತಿ ಎಚ್ಚರ ಬಂದಾಗ ಕೋಣೆಯಲ್ಲಿ ಬಾಳವ್ವ ಇದ್ದಳು, ಗಂಡ ಇದ್ದ, ನಾನು ಗೋಡೆಗೆ ಒರಗಿದ್ದೆ. ದೇವಿಕಾ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಫಕೀರವ್ವ ಪಕ್ಕದಲ್ಲಿ ಕೈಯಾಡಿಸಿ ನೋಡಿ ಕೂಸು ಎಲ್ಲಿ ಎಂದು ಕೇಳಿದಳು. ಗಂಡ ನೆಲ ನೋಡಿದ. ಬಾಳವ್ವ, ಮಲಗು, ಆಮ್ಯಾಲ ಹೇಳ್ತೀವಿ ಎಂದಳು. ಆಕೆ ಮತ್ತೆ ಕೇಳಿದಳು.

"ಕೂಸು ಉಳೀಲಿಲ್ಲ ಅಕ್ಕಾ," ಎಂದಳು ದೇವಿಕಾ. "ಗಂಡು ಕೂಸಿತ್ತು. ಇನ್ನ ಮ್ಯಾಲ ಕೂಸು ಆಗಂಗಿಲ್ಲಂತ, ಗರ್ಭಕೋಶಾನೂ ತೆಗದಾರ."

ಬಾಳವ್ವ ತಿರುಗಿ ನೋಡಿದಳು. ಈಗಲೇ ಅದನ್ನು ಏಕೆ ಹೇಳಿದೆ ಎಂದು ಕೇಳುವ ನೋಟ ಅದು. ಬಿದ್ದದ್ದನ್ನು ಹೇಳದೆ ಬಿಡುವುದು ಇನ್ನು ದೇವಿಕಾಳಿಂದ ಆಗದು ಎಂದು ನನಗೆ ಗೊತ್ತಿತ್ತು. ಫಕೀರವ್ವ ಗೋಡೆಯ ಕಡೆ ಮುಖ ಮಾಡಿಕೊಂಡಳು. ದೇವಿಕಾ ಅಲ್ಲೇ ನಿಂತಿದ್ದಳು. ಸಲೈನು ಬದಲಿಸಲು ಬಂದ ನರ್ಸು, ದಾರಿ ಬಿಡ್ರಿ ಎಂದ ಮೇಲೆ ಒಂದು ಹೆಜ್ಜೆ ಸರಿದು ನಿಂತಳು.